ಎರಡನೇ ಹಗ್ಗ

ದೊಡ್ಡಬಳ್ಳಾಪುರದ ನಮ್ಮ ಮನೆಯ ನಡುಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಅವುಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಅಮ್ಮ ನಿಂತಿರುತ್ತಿದ್ದಳು. ಹಾಸಿನ ಒಂದು ಎಳೆ ತುಂಡಾದರೆ ಆ ಮಗ್ಗಗಳಿಗೆ ಅದರ ಪರಿವೆ ಇರಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುತ್ತಲೇ ಇರುತ್ತಿತ್ತು, ತುಂಡಾದ ಎಳೆ ಪಕ್ಕದ ಎಳೆಗಳಿಗೆ ಸುತ್ತಿಕೊಳ್ಳುತ್ತಿತ್ತು, ನೋಡನೋಡುತ್ತಲೇ ಗೇಣುದ್ದ ಸೀರೆ ಕೆಡುತ್ತಿತ್ತು. ಹಾಗಾಗಿ ಅಮ್ಮನ ಕಣ್ಣು ಸೀರೆಯ ಮೇಲೆ, ಕೈ ಹ್ಯಾಂಡಲಿನ ಹತ್ತಿರ. ನಿಲ್ಲಿಸಬೇಕು, ತುದಿ ಹುಡುಕಬೇಕು, ಗಂಟು ಹಾಕಬೇಕು, ಮತ್ತೆ ಓಡಿಸಬೇಕು. ಅವಳು ಕೂರುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ. ಊರಿನವರೆಲ್ಲ ಲೋಡ್ ಶೆಡ್ಡಿಂಗಿಗೆ ಶಾಪ ಹಾಕುತ್ತಿದ್ದ ದಿನಗಳಲ್ಲಿ ನಮ್ಮಮ್ಮ ಒಬ್ಬಳು ಒಳಗೊಳಗೇ ಅದಕ್ಕೆ ಋಣಿಯಾಗಿದ್ದಳೋ ಏನೋ.

ಎಳೆ ಕಡಿದಾಗ ಮಗ್ಗ ತಾನೇ ನಿಲ್ಲುವಂತಿದ್ದರೆ ಅಮ್ಮ ಸ್ವಲ್ಪ ಕೂರಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಜಪಾನಿನ ಒಬ್ಬ ಬಡಗಿಯ ಮಗನಿಗೆ ನನಗಿಂತ ಬಹಳ ಹಿಂದೆಯೇ ಹೀಗನ್ನಿಸಿತ್ತು, ನಮ್ಮ ಬಿಡದಿಯ ಕಾರು ಕಾರ್ಖಾನೆಯ ಬೇರು ಆ ಯೋಚನೆಯಲ್ಲಿದೆ ಎಂದು ಗೊತ್ತಾದದ್ದು ಎಷ್ಟೋ ಕಾಲದ ನಂತರ.

ಆತನ ಹೆಸರು ಸಕಿಚಿ ಟೊಯೋಡಾ. ಹುಟ್ಟಿದ್ದು 1867ರಲ್ಲಿ. ತಾಯಿ ಮಗ್ಗದಲ್ಲಿ ಪಡುವ ಪಾಡು ನೋಡಲಾರದೆ ಹೊಸ ಮಗ್ಗ ಕಟ್ಟಲು ಹೊರಟ ಎಂಬುದು ಕಂಪನಿಯವರು ಹೇಳಿಕೊಂಡು ಬಂದಿರುವ ಕಥೆ. ಕಂಪನಿಗಳು ಹೇಳುವ ತಾಯಂದಿರ ಕಥೆಗಳನ್ನು ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ, ಆದರೆ ಇದನ್ನು ನಂಬಬೇಕೆನ್ನಿಸುತ್ತದೆ. 1924ರ ಹೊತ್ತಿಗೆ ಆತ ಮತ್ತು ಆತನ ಮಗ ಕಿಯಿಚಿರೊ ಸೇರಿ ಮಾಡಿದ ಮಗ್ಗ, ಎಳೆ ಕಡಿದ ಕೂಡಲೇ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ನೂಲು ಮುಗಿಯುವ ಮೊದಲೇ ಲಾಳಿಯನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಅದರ ಪೇಟೆಂಟ್ ಹಕ್ಕನ್ನು ಕೊಂಡಿತು. ಮುಂದೆ 1937ರಲ್ಲಿ ಕಿಯಿಚಿರೊ ಕಾರು ಕಂಪನಿ ಕಟ್ಟಿದ. ತಾನೇ ನಿಲ್ಲುವ ಯಂತ್ರದ ತತ್ವ ಮಗ್ಗದಿಂದ ಕಾರಿಗೆ ಬಂತು. ಅದನ್ನು ಅವರು ‘ಜಿದೋಕಾ’ ಎನ್ನುತ್ತಾರೆ. ಜಪಾನಿ ಲಿಪಿಯಲ್ಲಿ ‘ಸ್ವಯಂಚಾಲನೆ’ ಎಂಬ ಮಾಮೂಲಿ ಪದದೊಳಗೆ ‘ಚಲನೆ’ ಎಂಬರ್ಥದ ಅಕ್ಷರವಿದೆ. ಟೊಯೋಟಾದವರು ಆ ಅಕ್ಷರದ ಪಕ್ಕಕ್ಕೆ ‘ಮನುಷ್ಯ’ ಎಂಬ ಚಿಕ್ಕ ಗುರುತು ಸೇರಿಸಿ ಬರೆಯುತ್ತಾರೆ. ಆಗ ಅದು ‘ದುಡಿಮೆ’ ಎಂದಾಗುತ್ತದೆ, ಉಚ್ಚಾರಣೆ ಮಾತ್ರ ಬದಲಾಗುವುದಿಲ್ಲ. ಯಂತ್ರದ ಮಗ್ಗುಲಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದ ಪದ.

ಆದರೆ ತಾನೇ ನಿಲ್ಲುವ ಮಗ್ಗ ಬಂದಮೇಲೆ ನೇಕಾರ ಹೆಂಗಸರು ಕೂತರೇ? ಇಲ್ಲ. ಕಣ್ಣಿಟ್ಟು ಕಾಯಬೇಕಿಲ್ಲವಾದ್ದರಿಂದ ಒಬ್ಬೊಬ್ಬರಿಗೆ ಹತ್ತಾರು ಮಗ್ಗ ನೋಡಿಕೊಳ್ಳುವ ಕೆಲಸ ಬಂತು. ಅಮ್ಮನ ಎರಡು ಮಗ್ಗಗಳೂ ತಾವೇ ನಿಲ್ಲುವಂಥವಾಗಿದ್ದರೆ ಅಪ್ಪ ಮೂರನೆಯದನ್ನು ತಂದಿರುತ್ತಿದ್ದ. ಅವನೇನು ಕೆಟ್ಟವನಲ್ಲ, ಸಾಲ ಇತ್ತು. ಉಳಿದ ಹೊತ್ತು ಯಾರದ್ದು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಅಷ್ಟೆ.

ಈಗ ಬಿಡದಿಗೆ ಬರುತ್ತೇನೆ. ತಟ್ಟೆ ಇಡ್ಲಿಯ ಊರು. 1997ರಲ್ಲಿ ಟೊಯೋಟಾ, ಕಿರ್ಲೋಸ್ಕರ್ ಜೊತೆ ಸೇರಿ ಇಲ್ಲಿ ಕಂಪನಿ ತೆರೆಯಿತು. 2000ದ ಆರಂಭಕ್ಕೆ ಕ್ವಾಲಿಸ್ ರಸ್ತೆಗಿಳಿಯಿತು. ಬೆಂಗಳೂರಿನ ಕಾಲ್ ಸೆಂಟರಿನ ಹುಡುಗ ಹುಡುಗಿಯರನ್ನು ರಾತ್ರಿ ಹೊತ್ತು ಮನೆ ಮುಟ್ಟಿಸುತ್ತಿದ್ದದ್ದು ಹೆಚ್ಚಾಗಿ ಅದೇ ಗಾಡಿ. 2005ರಲ್ಲಿ ಇನ್ನೋವಾ ಬಂತು, 2010ರಲ್ಲಿ ಎಟಿಯೋಸ್ ಜೊತೆಗೆ ಎರಡನೇ ಕಾರ್ಖಾನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಕುಟುಂಬದ ಹಳ್ಳಿ ಹುಡುಗರನ್ನು ಆರಿಸಿ ಮೂರು ವರ್ಷ ಇಟ್ಟುಕೊಂಡು ಕಲಿಸುವ ತರಬೇತಿ ಶಾಲೆಯೊಂದನ್ನೂ 2007ರಲ್ಲಿ ತೆರೆದರು. ಇದನ್ನೆಲ್ಲ ಹೇಳುತ್ತಿರುವುದು ಹೊಗಳಲಿಕ್ಕಲ್ಲ, ಮುಂದೆ ಹೇಳುವುದು ಬರೀ ದೂರಿನಂತೆ ಕೇಳಬಾರದೆಂದು. ಆ ಸಂಬಳ ಎಷ್ಟೋ ಮನೆಗಳ ಸೂರನ್ನು ಶೀಟಿನಿಂದ ಆರ್‌ಸಿಸಿಗೆ ಬದಲಿಸಿದೆ.

ಟೊಯೋಟಾದ ಕಾರ್ಖಾನೆಗಳು ಪ್ರಪಂಚದಲ್ಲೆಲ್ಲ ಒಂದೇ ರೀತಿ ನಡೆಯುತ್ತವೆ. ಅವುಗಳ ವಿಶೇಷವೆಂದು ಎಲ್ಲ ಮ್ಯಾನೇಜ್‌ಮೆಂಟ್ ಪುಸ್ತಕಗಳೂ ಹೇಳುವುದು ಒಂದು ಹಗ್ಗದ ಬಗ್ಗೆ. ಕಾರುಗಳು ಸಾಲಾಗಿ ಸಾಗುವ ಲೈನಿನ ಉದ್ದಕ್ಕೂ ಕೈಗೆಟುಕುವಂತೆ ಹಗ್ಗ ಕಟ್ಟಿರುತ್ತದೆ. ಕೆಲವು ಕಡೆ ಈಗ ಅದರ ಜಾಗಕ್ಕೆ ಗುಂಡಿ ಬಂದಿದೆ. ಕೆಲಸ ಮಾಡುವವನ ಕಣ್ಣಿಗೆ ಏನೋ ತಪ್ಪು ಬಿತ್ತೆನ್ನಿ: ಬೋಲ್ಟ್ ಕೂರುತ್ತಿಲ್ಲ, ಬಾಗಿಲು ಸರಿಹೊಂದುತ್ತಿಲ್ಲ. ಅವನು ಹಗ್ಗ ಎಳೆಯುತ್ತಾನೆ. ಮೇಲಿನ ಫಲಕದಲ್ಲಿ ಅವನ ಜಾಗದ ನಂಬರು ಹೊತ್ತಿಕೊಳ್ಳುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಒಂದು ಗೊತ್ತಾದ ಗೆರೆ ದಾಟುವುದರೊಳಗೆ ತೊಡಕು ಬಗೆಹರಿದರೆ ಸರಿ, ಇಲ್ಲವಾದರೆ ಲೈನ್ ನಿಲ್ಲುತ್ತದೆ. ಆ ಫಲಕವನ್ನು ‘ಆಂಡಾನ್’ ಎನ್ನುತ್ತಾರೆ, ಜಪಾನಿನ ಹಳೆಯ ಕಾಗದದ ಲಾಂದ್ರದ ಹೆಸರು.

ಕೈಗಾರಿಕೆಯ ಚರಿತ್ರೆಯಲ್ಲಿ ಇದು ಸಣ್ಣ ಮಾತಲ್ಲ. ಫೋರ್ಡ್ ಮಾದರಿಯ ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸುವುದು ದೊಡ್ಡ ಅಪರಾಧ. ತಪ್ಪಿದ್ದರೂ ಮುಂದೆ ಕಳಿಸು, ಕೊನೆಯಲ್ಲಿ ರಿಪೇರಿ ಮಾಡುವವರಿದ್ದಾರೆ. ಟೊಯೋಟಾದ ತೈಚಿ ಓನೊ ಇದನ್ನು ತಲೆಕೆಳಗು ಮಾಡಿದ. ಅಲ್ಲಿ ನಿಲ್ಲಿಸದಿರುವುದೇ ತಪ್ಪು. ಕೆಳಗಿನ ಮೆಟ್ಟಿಲಿನವನ ಕಣ್ಣನ್ನು, ತೀರ್ಮಾನವನ್ನು ನಂಬುವುದೆಂದರೆ ಅವನನ್ನು ಬರೀ ಕೈಯೆಂದಲ್ಲ, ತಲೆಯಿರುವವನೆಂದು ಗೌರವಿಸುವುದು. 2001ರಲ್ಲಿ ಕಂಪನಿ ತನ್ನ ನಡೆನುಡಿಯನ್ನು ‘ಟೊಯೋಟಾ ವೇ’ ಎಂದು ಬರೆದಿಟ್ಟಾಗ ಎರಡು ಕಂಬಗಳನ್ನು ಹೆಸರಿಸಿತು. ಒಂದು ನಿರಂತರ ಸುಧಾರಣೆ, ಇನ್ನೊಂದು ಮನುಷ್ಯರಿಗೆ ಗೌರವ.

ಒಬ್ಬ ಮನುಷ್ಯನಿಗೆ ಕಾರಿನ ಬೋಲ್ಟಿಗಾಗಿ ಇಡೀ ಲೈನನ್ನು ನಿಲ್ಲಿಸುವ ಹಕ್ಕಿದೆ. ತನ್ನ ಬೆನ್ನಿಗಾಗಿ ನಿಲ್ಲಿಸುವ ಹಕ್ಕು ಇದೆಯೇ? ನನ್ನ ತೊಡಕು ಇದು.

ಲೈನಿನ ವೇಗ ಹೇಗೆ ನಿರ್ಧಾರವಾಗುತ್ತದೆಂದು ನೋಡಿ. ಪಾಳಿಯಲ್ಲಿ ಕೆಲಸಕ್ಕೆ ಸಿಗುವ ಹೊತ್ತನ್ನು ಬೇಕಾದ ಕಾರುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಉದಾಹರಣೆಗೆ 450 ನಿಮಿಷದಲ್ಲಿ 180 ಕಾರು ಬೇಕೆಂದರೆ ಒಂದು ಕಾರಿಗೆ 150 ಸೆಕೆಂಡು. 200 ಬೇಕೆಂದರೆ 135. (ಇವು ಲೆಕ್ಕಕ್ಕಾಗಿ ನಾನು ಹಾಕಿಕೊಂಡ ಅಂಕಿಗಳು, ಬಿಡದಿಯವಲ್ಲ.) ಕಾಗದದ ಮೇಲೆ ವ್ಯತ್ಯಾಸ 15 ಸೆಕೆಂಡು. ಅದರಲ್ಲಿ ಏನಿತ್ತು? ಹಣೆ ಒರೆಸಿಕೊಳ್ಳುವುದಿತ್ತು, ಪಕ್ಕದವನ ಮುಖ ನೋಡುವುದಿತ್ತು, ಬೆನ್ನು ನೆಟ್ಟಗೆ ಮಾಡುವುದಿತ್ತು. ಓನೊನ ಭಾಷೆಯಲ್ಲಿ ಇದೆಲ್ಲ ‘ಮುದಾ’, ಅಂದರೆ ಪೋಲು. ಆದರೆ ಅದೇ ಭಾಷೆಯಲ್ಲಿ ‘ಮುರಿ’ ಎಂಬ ಇನ್ನೊಂದು ಪದವೂ ಇದೆ, ಅಳತೆ ಮೀರಿದ ಹೊರೆ ಎಂದರ್ಥ. ಯಂತ್ರದ ಮೇಲಾಗಲಿ ಮನುಷ್ಯನ ಮೇಲಾಗಲಿ ‘ಮುರಿ’ ಬೀಳಬಾರದು ಎಂಬುದು ಅವರ ಪದ್ಧತಿಯದೇ ನಿಯಮ. (ಕನ್ನಡದ ಕಿವಿಗೆ ಆ ಪದ ಬೇರೆಯೇ ರೀತಿ ಕೇಳುತ್ತದೆ. ಕಾಕತಾಳೀಯ, ಆದರೂ ಅಷ್ಟೇನೂ ತಪ್ಪಲ್ಲ.) ಹಾಗಾದರೆ ಯಾವುದು ಪೋಲು, ಯಾವುದು ಉಸಿರು ಎಂದು ಅಳೆಯುವವರು ಯಾರು? ಬೋಲ್ಟ್ ಸಡಿಲವೆಂದು ಹೇಳುವ ಅಧಿಕಾರ ಕೈಯಲ್ಲಿ ಹಿಡಿದವನಿಗಿದೆ. ಹೊರೆ ಹೆಚ್ಚಾಯಿತೆಂದು ಹೇಳುವ ಅಧಿಕಾರ ಗಡಿಯಾರ ಹಿಡಿದವನ ಬಳಿ ಉಳಿದುಬಿಡುತ್ತದೆ.

2014ರ ಮಾರ್ಚ್ 16ರಂದು ಬಿಡದಿಯಲ್ಲಿ ಲಾಕೌಟ್ ಆಯಿತು. ಸಂಬಳ ಏರಿಕೆಯ ಮಾತುಕತೆ ತಿಂಗಳುಗಟ್ಟಲೆ ಎಳೆದಿತ್ತು. ಕಂಪನಿ ಕೊಟ್ಟ ಕಾರಣವನ್ನು ಗಮನಿಸಿ: ಕೆಲವು ಕಾರ್ಮಿಕರು 25 ದಿನಗಳಿಂದ ಬೇಕೆಂದೇ ಉತ್ಪಾದನಾ ಲೈನ್ ನಿಲ್ಲಿಸುತ್ತಿದ್ದಾರೆ, ಮೇಲ್ವಿಚಾರಕರನ್ನು ಬೈದು ಬೆದರಿಸುತ್ತಿದ್ದಾರೆ. ಯೂನಿಯನ್ ಇದನ್ನು ಒಪ್ಪಲಿಲ್ಲ. ನಿಜ ಏನಿತ್ತೆಂದು ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ಆಪಾದನೆಯ ಮಾತೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಪ್ರಪಂಚಕ್ಕೆಲ್ಲ ‘ನಮ್ಮಲ್ಲಿ ಯಾರು ಬೇಕಾದರೂ ಲೈನ್ ನಿಲ್ಲಿಸಬಹುದು’ ಎಂದು ಕಲಿಸಿದ ಕಂಪನಿ, ಲೈನ್ ನಿಲ್ಲಿಸಿದ್ದಕ್ಕಾಗಿ ಬಾಗಿಲು ಹಾಕಿತ್ತು.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದರೆ ಕೂಡಲೇ ‘ಬೂಟಾಟಿಕೆ ಸಾರ್’ ಎನ್ನುತ್ತಾರೆ. ನಾನು ಅಷ್ಟು ಬೇಗ ಹಾಗೆ ಹೇಳುವುದಿಲ್ಲ. ಕಂಪನಿಯ ಕಡೆಗೂ ಒಂದು ಒಳ್ಳೆಯ ವಾದವಿದೆ. ಹಗ್ಗ ಕೆಲಸ ಮಾಡುವುದು ನಂಬಿಕೆಯ ಮೇಲೆ. ಎಳೆದವನು ಕಂಡದ್ದನ್ನೇ ಹೇಳುತ್ತಿದ್ದಾನೆ ಎಂದುಕೊಂಡು ಟೀಮ್ ಲೀಡರ್ ಓಡಿ ಬರುತ್ತಾನೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ನಮಗೆ ಗೊತ್ತು. ಬೋಲ್ಟಿಗಾಗಿ ಕಟ್ಟಿದ ಹಗ್ಗವನ್ನು ಸಂಬಳಕ್ಕಾಗಿ ಎಳೆದರೆ, ನಾಳೆ ನಿಜವಾಗಿ ಬೋಲ್ಟ್ ಸಡಿಲವಿದ್ದಾಗ ಅದರ ಮಾತಿಗೆ ಬೆಲೆಯಿರುವುದಿಲ್ಲ. ಒಂದು ಸಂಕೇತವನ್ನು ಅದರ ಅರ್ಥದಾಚೆಗೆ ಬಳಸುವುದು ಒಂದು ಬಗೆಯ ಸುಳ್ಳು. ಇದನ್ನು ಒಪ್ಪುತ್ತೇನೆ.

ಒಪ್ಪಿದ ಮೇಲೆ ಕೇಳುತ್ತೇನೆ, ಮತ್ತೆ ಯಾವ ಹಗ್ಗವನ್ನು ಎಳೆಯಬೇಕಿತ್ತು? ತನ್ನ ಹೊರೆಯ ಬಗ್ಗೆ, ಕೂಲಿಯ ಬಗ್ಗೆ ಎಳೆದಾಗ ಯಾರಾದರೂ ಅಷ್ಟೇ ಚುರುಕಾಗಿ ಓಡಿ ಬರುವ ಎರಡನೇ ಹಗ್ಗ ಬೇಕು. ಯೂನಿಯನ್ ಎಂಬುದು ಅದೇ. ಅದನ್ನು ಎಳೆದಾಗ ಯಾವ ದೀಪವೂ ಹೊತ್ತದಿದ್ದರೆ ಜನ ಮೊದಲನೆಯದರ ಕಡೆ ನೋಡುತ್ತಾರೆ. ನೋಡಬಾರದು ಎನ್ನುವುದು ಸುಲಭ, ಅದನ್ನು ಹೇಳುವ ಹಕ್ಕು ಮಾತ್ರ ಎರಡನೆಯದನ್ನು ಕಟ್ಟಿಕೊಟ್ಟವರಿಗಷ್ಟೇ ಇರುತ್ತದೆ.

ಲಾಕೌಟ್ ತೆರವಾದಾಗ ಒಂದು ಷರತ್ತು ಬಂತು. ಒಳಗೆ ಬರುವ ಪ್ರತಿಯೊಬ್ಬನೂ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕು. ಕಾರ್ಮಿಕರು ಒಪ್ಪದೆ ವಾರಗಟ್ಟಲೆ ಹೊರಗುಳಿದರು. 2020ರ ನವೆಂಬರಿನಲ್ಲಿ ಇದೇ ನಾಟಕ ಮತ್ತೆ ನಡೆಯಿತು. ಯೂನಿಯನ್ನಿನ ಒಬ್ಬರ ಅಮಾನತು, ಒಳಗೇ ಧರಣಿ, 10ನೇ ತಾರೀಖು ಲಾಕೌಟ್. ಈ ಸಲ ಜಗಳ ನೇರವಾಗಿ ಕೆಲಸದ ಹೊರೆಯದ್ದೇ ಆಗಿತ್ತು. ಶೌಚಕ್ಕೆ ಹೋಗಲೂ ಬಿಡುವಿಲ್ಲದ ವೇಗ ಎಂದು ಕಾರ್ಮಿಕರು, ಹೊರೆ ಅಳತೆಯೊಳಗೇ ಇದೆ ಎಂದು ಕಂಪನಿ. ಸರ್ಕಾರ ಮುಷ್ಕರ ಮತ್ತು ಲಾಕೌಟ್ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಬಾಗಿಲು ತೆರೆದಾಗ ಎದುರಿಗಿದ್ದದ್ದು ಮತ್ತದೇ ಮುಚ್ಚಳಿಕೆ. 23ರಂದು ಮತ್ತೆ ಲಾಕೌಟ್. ಮುಷ್ಕರ ಮುಗಿಯುವ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು.

ಮುಚ್ಚಳಿಕೆಯ ಬಗ್ಗೆ ಕಾನೂನಿಗೂ ಮುಜುಗರವಿದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿ ಎರಡೂ ಕಡೆಯವರ ಅನ್ಯಾಯದ ನಡವಳಿಕೆಗಳನ್ನು ಪಟ್ಟಿ ಮಾಡುತ್ತದೆ. ಬೇಕೆಂದೇ ನಿಧಾನ ಮಾಡುವುದು ಕಾರ್ಮಿಕರ ಕಡೆಯ ತಪ್ಪು. ಕಾನೂನುಬದ್ಧ ಮುಷ್ಕರದಲ್ಲಿದ್ದವರಿಂದ, ಕೆಲಸಕ್ಕೆ ಬಿಟ್ಟುಕೊಳ್ಳಲು ಸನ್ನಡತೆಯ ಮುಚ್ಚಳಿಕೆಗೆ ಒಬ್ಬೊಬ್ಬರ ಸಹಿ ಕೇಳುವುದು ಮಾಲೀಕರ ಕಡೆಯ ತಪ್ಪು. ಅಲ್ಲಿನ ‘ಕಾನೂನುಬದ್ಧ’ ಎಂಬ ಒಂದು ಪದದ ಸುತ್ತ ವಕೀಲರು ವರ್ಷಗಟ್ಟಲೆ ಊಟ ಮಾಡಬಹುದು. ನನಗೆ ಮುಖ್ಯವೆನ್ನಿಸುವುದು ‘ಒಬ್ಬೊಬ್ಬರ’ ಎಂಬುದು. ಯೂನಿಯನ್ ಜೊತೆ ಒಪ್ಪಂದವಾದರೆ ಅದು ಇಬ್ಬರ ನಡುವಿನ ಮಾತು. ಮುಚ್ಚಳಿಕೆ ಹಾಗಲ್ಲ. ಅದು ಗುಂಪಿನಿಂದ ಒಬ್ಬನನ್ನು ಹೊರಗೆಳೆದು, ಗೇಟಿನ ಬಳಿ ನಿಲ್ಲಿಸಿ, ನಿನ್ನೆಯವರೆಗಿನ ನಿನ್ನ ನಡತೆ ಕೆಟ್ಟದ್ದಾಗಿತ್ತು ಎಂದು ಅವನ ಕೈಯಲ್ಲೇ ಬರೆಸುತ್ತದೆ.

ಇದರ ಬಗ್ಗೆ ಇಷ್ಟು ಮಾತಾಡಲು ನನಗೆ ಒಂದು ಕಾರಣವಿದೆ. ನಾನೂ ಅಂಥದ್ದಕ್ಕೆ ಸಹಿ ಹಾಕಿದವನು. ಕಾರ್ಖಾನೆಯಲ್ಲಲ್ಲ, ಒಂದು ಖಾಸಗಿ ಕಾಲೇಜಿನಲ್ಲಿ. ಹೆಸರು ಬೇಡ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಮೂರು ತಿಂಗಳ ಸಂಬಳ ಬಂದಿರಲಿಲ್ಲ. ಏಳು ಜನ ಸೇರಿ ಎರಡು ದಿನ ಪರೀಕ್ಷೆಯ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ಆಫೀಸಿನಲ್ಲಿ ಟೈಪಾದ ಹಾಳೆಗಳು ಕಾಯುತ್ತಿದ್ದವು: ‘ಇನ್ನು ಮುಂದೆ ಶಿಸ್ತಿನಿಂದ ನಡೆದುಕೊಳ್ಳುತ್ತೇನೆ.’ (ಶಿಕ್ಷಕರು ಮೇಲಿನ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ ಅಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ನಮಗೆ ಐದನೇ ಅನುಸೂಚಿಯೂ ಇರಲಿಲ್ಲ.) ಒಬ್ಬೊಬ್ಬರನ್ನೇ ಕರೆದರು. ಒಳಗೆ ಹೋಗುವ ಮೊದಲು ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆಯಲ್ಲಿ ಅಮ್ಮನ ಮಂಡಿ ಹೋಗಿತ್ತು, ಮಗ್ಗ ಮಾರಿಯಾಗಿತ್ತು. ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ. ಸಹಿ ಹಾಕುವ ಎಲ್ಲರಿಗೂ ಒಂದು ಮಂಡಿ ಇರುತ್ತದೆ.

ಒತ್ತಾಯದ ಸಹಿಗೆ ನೈತಿಕ ಬೆಲೆಯಿಲ್ಲ, ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ತತ್ವಶಾಸ್ತ್ರದ ಪಾಠದಲ್ಲಿ ನಾನೇ ಹೇಳುತ್ತೇನೆ. ಪುಸ್ತಕದ ಪ್ರಕಾರ ಅದು ಸರಿ. ಆದರೆ ಆ ಹಾಳೆ ನನ್ನ ನಡತೆಯನ್ನು ಬದಲಿಸಲಿಲ್ಲ, ಅದು ಮೊದಲೂ ಹಾಗೇ ಇತ್ತು. ಬದಲಾದದ್ದು ಮಾತು. ಸ್ಟಾಫ್ ರೂಮಿನಲ್ಲಿ ಏನಾದರೂ ಹೇಳಲು ಬಾಯಿ ತೆರೆದಾಗ ಆ ಕಾಗದ ಯಾವ ಫೈಲಿನಲ್ಲಿದೆ ಎಂದು ನೆನಪಾಗುತ್ತಿತ್ತು. ಸಿಮೋನ್ ವೇಲ್ ತತ್ವಶಾಸ್ತ್ರದ ಶಿಕ್ಷಕಿ. 1934-35ರಲ್ಲಿ ಕೆಲಸಕ್ಕೆ ರಜೆ ಹಾಕಿ ಪ್ಯಾರಿಸಿನ ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿದಳು, ಕೊನೆಯ ತಿಂಗಳುಗಳಲ್ಲಿ ರೆನೊ ಕಾರು ಕಂಪನಿಯಲ್ಲಿ. ಆಕೆಯ ದಿನಚರಿಯಲ್ಲಿ ತಲೆನೋವು, ಸುಟ್ಟ ಕೈ ಎಲ್ಲ ಇವೆ. ನನಗೆ ಮರೆಯಲಾಗದ್ದು ಒಂದು ಬಸ್ಸಿನ ಪ್ರಸಂಗ. ಕೆಲಸದ ದಿನಗಳಲ್ಲೊಮ್ಮೆ ಬಸ್ ಹತ್ತಿದಾಗ ಆಕೆಗೆ ಆಶ್ಚರ್ಯವಾಗುತ್ತದೆ, ಎಲ್ಲರ ಹಾಗೆ ನಾನೂ ದುಡ್ಡು ಕೊಟ್ಟು ಇದರಲ್ಲಿ ಕೂರಬಹುದೇ ಎಂದು. ಕೆಳಗಿಳಿಸಿದ್ದರೂ ಸಹಜವೆನ್ನಿಸುತ್ತಿತ್ತೇನೋ ಎಂಬ ಭಾವ. ವೇಗ ಮತ್ತು ಅಪ್ಪಣೆ ಸೇರಿ ಒಂದು ವರ್ಷದೊಳಗೆ, ಅಂಥ ಹಟಮಾರಿ ಹೆಂಗಸಿನೊಳಗಿಂದಲೂ ‘ನನಗೂ ಹಕ್ಕಿದೆ’ ಎಂಬುದನ್ನು ಕಿತ್ತುಹಾಕಿದ್ದವು.

ನಮ್ಮಲ್ಲಿ ಇಂಥ ಮಾತು ಬಂದಾಗ ಕಾಯಕದ ತತ್ವವನ್ನು ಎಳೆದು ತರುವವರಿದ್ದಾರೆ, ಅದನ್ನು ಗೋಡೆಯ ಮೇಲೆ ಬರೆಸುವವರಂತೂ ಬಹಳ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅವರು ಬರೆಸುವುದಿಲ್ಲ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಎಂದವಳು ಆಕೆ. ಅದನ್ನು ನಾವು ದುರಾಸೆಯ ವಿರುದ್ಧದ ಪಾಠವೆಂದು ಓದುತ್ತೇವೆ. ಎಷ್ಟು ಸಾಕು ಎಂಬ ಅಳತೆ ದುಡಿಯುವವರ ಕೈಯಲ್ಲೇ ಇತ್ತೆಂಬುದೂ ಅಲ್ಲಿದೆ. ಲಕ್ಕಮ್ಮ ಅಳೆದಳು, ಲಕ್ಕಮ್ಮ ನಿಲ್ಲಿಸಿದಳು.

ಟೊಯೋಟಾದ ಚರಿತ್ರೆಯಲ್ಲೇ ಒಂದು ಅಧ್ಯಾಯವಿದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಕಿಯಿಚಿರೊ ಮಾತು ಕೊಟ್ಟಿದ್ದ. ಉಳಿಸಿಕೊಳ್ಳಲಾಗಲಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಮುಷ್ಕರ ನಡೆಯಿತು, ಕೊನೆಗೆ ಎರಡು ಸಾವಿರ ಜನ ಕೆಲಸ ಬಿಟ್ಟರು. ಅವರ ಜೊತೆ ಕಿಯಿಚಿರೊನೂ ಅಧ್ಯಕ್ಷ ಸ್ಥಾನ ಬಿಟ್ಟು ಹೊರನಡೆದ. ಕಂಪನಿ ಕಟ್ಟಿದವನೇ, ಮಾತು ತಪ್ಪಿದ್ದಕ್ಕೆ. ಆತ ಮತ್ತೆ ಆ ಕುರ್ಚಿಗೆ ಬರಲಿಲ್ಲ, 1952ರಲ್ಲಿ ತೀರಿಕೊಂಡ. ಯೂನಿಯನ್ ಮತ್ತು ಆಡಳಿತ ಕೂತು ಮಾತಾಡುವ ಅಲ್ಲಿನ ಪದ್ಧತಿ ಬೆಳೆದದ್ದು, 1962ರಲ್ಲಿ ಜಂಟಿ ಘೋಷಣೆ ಬಂದದ್ದು ಆ ಗಾಯದ ನಂತರ. ಅಂದರೆ ಆ ಊರಿನಲ್ಲಿ ಎರಡನೇ ಹಗ್ಗವನ್ನು ಯಾರೂ ದಾನ ಕೊಟ್ಟಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಯೊಂದು ಇನ್ನೊಂದು ದೇಶಕ್ಕೆ ಬರುವಾಗ ಯಂತ್ರ ತರುತ್ತದೆ, ಪದಗಳನ್ನು ತರುತ್ತದೆ, ಮೊದಲನೇ ಹಗ್ಗವನ್ನೂ ತಂದು ಕಟ್ಟುತ್ತದೆ. 1950 ಅನ್ನು ಹಡಗಿನಲ್ಲಿ ತರಲಾಗುವುದಿಲ್ಲ. ಬಿಡದಿಯವರ ಮುಚ್ಚಳಿಕೆಯ ಎದುರಿನ ಹಟವನ್ನು ಬೇರೆಯವರು ಅಶಿಸ್ತು ಎಂದರೂ, ಟೊಯೋಟಾದ ಚರಿತ್ರೆ ಓದಿದವರು ಹಾಗೆನ್ನಬಾರದಿತ್ತು ಎಂದು ನನಗನ್ನಿಸುತ್ತದೆ.

ಅಂದಿನ ನಮ್ಮ ಏಳು ಜನರಲ್ಲಿ ಆರು ಜನ ಸಹಿ ಹಾಕಿದೆವು. ಒಬ್ಬರು ಹಾಕಲಿಲ್ಲ. ನನಗಿಂತ ಹತ್ತು ವರ್ಷ ಹಿರಿಯರು, ಗಣಿತದವರು. ಹಾಳೆಯನ್ನು ಪೂರ್ತಿ ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ವಾಪಸು ಕೊಟ್ಟು ಹೋದರೆಂದು ಆಮೇಲೆ ಅಟೆಂಡರ್ ಹೇಳಿದ. ಈಗ ಅವರ ಊರಿನಲ್ಲಿ ಟ್ಯೂಷನ್ ನಡೆಸುತ್ತಾರೆ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕರು. ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತೆವು. ಅಮ್ಮನನ್ನು ವಿಚಾರಿಸಿದರು. ಹೋಳಿಗೆ ಬಡಿಸಿ ಹೋದ ಮೇಲೆ ತುಪ್ಪಕ್ಕೆ ಕಾಯುತ್ತಾ ಕೇಳಿದರು.

“ಆ ಮೂರು ತಿಂಗಳ ಸಂಬಳ ಆಮೇಲೆ ಬಂತೇನ್ರಿ ಸಾರ್?”

“ಎರಡು ತಿಂಗಳದ್ದು ಬಂತು ಸಾರ್.”

“ಇನ್ನೊಂದು?”

“ನಾನು ಕೇಳಲಿಲ್ಲ.”